ಮೊಬೈಲಿನಲ್ಲಿ ನಮ್ಮ ಹಾಲಿನ ಹೆಸರು: ಸದಸ್ಯರು ತಿಳಿದಿರಬೇಕಾದದ್ದು

ಪಶುವೈದ್ಯಾಧಿಕಾರಿ (ವಿಸ್ತರಣೆ), ಮುಳಬಾಗಿಲು



ಭಾನುವಾರ ಬೆಳಿಗ್ಗೆ ಮುಳಬಾಗಿಲು ಪಟ್ಟಣದ ಯಾವುದಾದರೂ ದೋಸೆ ಹೋಟೆಲಿನ ಮುಂದೆ ಐದು ನಿಮಿಷ ನಿಂತು ನೋಡಿ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು ಕಾರು ಓಡಿಸಿಕೊಂಡು ಒಂದು ದೋಸೆಗಾಗಿ ಬಂದವರು ಅಲ್ಲಿರುತ್ತಾರೆ. ದೋಸೆ ಮುಂದೆ ಬಂದೊಡನೆ ಅವರು ಮೊದಲು ಮೊಬೈಲು ತೆಗೆಯುತ್ತಾರೆ. ಕಾವಲಿಯ ಮೇಲೆ ತುಪ್ಪ ಸುರಿಯುವುದನ್ನು ಹಿಡಿದು ಸ್ನೇಹಿತರಿಗೆ ಕಳಿಸಿ, ಆಮೇಲೆ ತಿನ್ನುತ್ತಾರೆ. ಮುಂದಿನ ಭಾನುವಾರ ಆ ಸ್ನೇಹಿತರು ಬರುತ್ತಾರೆ. ಇಂದು ಬೆಂಗಳೂರಿನಲ್ಲೇ 'ಮುಳಬಾಗಿಲು ದೋಸೆ' ಎಂದು ಬೋರ್ಡು ಹಾಕಿದ ಹೋಟೆಲುಗಳಿವೆ. ನಮ್ಮೂರಿನ ದೋಸೆ ಭಟ್ಟರು ಯಾರೂ ಇದಕ್ಕಾಗಿ ಪತ್ರಿಕೆಗೆ ಜಾಹೀರಾತು ಕೊಟ್ಟದ್ದನ್ನು ನಾನು ನೋಡಿಲ್ಲ. ರುಚಿ ಮೊದಲಿನಿಂದಲೂ ಇತ್ತು. ಅದರ ಸುದ್ದಿಯನ್ನು ತಿಂದವರೇ ಹೊತ್ತು ತಿರುಗಿದರು.

ಈ ಪುಟದಲ್ಲಿ ಸಾಮಾನ್ಯವಾಗಿ ನಾನು ಕೆಚ್ಚಲು ಬಾವು, ಬೆದೆ ಲಕ್ಷಣ, ಖನಿಜ ಮಿಶ್ರಣ ಎಂದು ಬರೆಯುವವನು. ದೋಸೆಯ ಮಾತೇಕೆ ಬಂತೆಂದರೆ, ಈಚೆಗೆ ಒಂದು ಸಂಘದ ಸದಸ್ಯರ ತರಬೇತಿಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದರು: "ಡಾಕ್ಟ್ರೇ, ನಾವು ಹಾಲು ಕರೀತೀವಿ, ಡೈರಿಗೆ ಹಾಕ್ತೀವಿ. ಈ ಫೇಸ್‌ಬುಕ್ಕು, ಯೂಟ್ಯೂಬು ಎಲ್ಲಾ ಪಟ್ಟಣದಲ್ಲಿ ಹಾಲು ಮಾರೋರ ತಲೆನೋವಲ್ವಾ? ನಮಗ್ಯಾಕೆ?" ಅಲ್ಲಿ ಸರಿಯಾಗಿ ಉತ್ತರ ಕೊಡಲು ಸಮಯವಾಗಲಿಲ್ಲ. ಈಗ ಕೊಡುತ್ತೇನೆ.

ಅರಳಿಕಟ್ಟೆ ಮತ್ತು ಧ್ವನಿವರ್ಧಕ

ರೇಡಿಯೋ, ಟಿ.ವಿ., ಗೋಡೆ ಬರಹ ಇವೆಲ್ಲ ಧ್ವನಿವರ್ಧಕವಿದ್ದಂತೆ. ಒಬ್ಬ ಕೂಗುತ್ತಾನೆ, ಉಳಿದವರು ಕೇಳುತ್ತಾರೆ. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್ (2023ರ ಜುಲೈವರೆಗೆ ಇದರ ಹೆಸರು ಟ್ವಿಟರ್) ಇವುಗಳನ್ನು ಒಟ್ಟಾಗಿ ಸಾಮಾಜಿಕ ಜಾಲತಾಣಗಳು ಎನ್ನುತ್ತಾರೆ. ಇವು ಊರಿನ ಅರಳಿಕಟ್ಟೆಯಿದ್ದಂತೆ. ಹೇಳಿದವನಿಗೆ ಕೇಳಿದವನು ಅಲ್ಲೇ ಎದುರು ಮಾತು ಹೇಳುತ್ತಾನೆ, ಹೊಗಳುತ್ತಾನೆ, ಅನುಮಾನ ಪಡುತ್ತಾನೆ. ಕಟ್ಟೆಯ ಮೇಲೆ ಹತ್ತು ಜನ ಕೂರುತ್ತಾರೆ, ಇಲ್ಲಿ ಲಕ್ಷ ಜನ ಕೂರುತ್ತಾರೆ, ವ್ಯತ್ಯಾಸ ಅಷ್ಟೇ.

ಇನ್ನೊಂದು ಸಂಗತಿ ತಿಳಿದಿರಲಿ. ಈ ತಾಣಗಳಲ್ಲಿ ಯಾವುದು ಹೆಚ್ಚು ಜನರಿಗೆ ಕಾಣಬೇಕೆಂದು ತೀರ್ಮಾನಿಸುವುದು ಕಂಪ್ಯೂಟರಿನ ಲೆಕ್ಕಾಚಾರ. ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ಉತ್ತರ ಬರೆದರು, ಎಷ್ಟು ಮಂದಿ ಬೇರೆಯವರಿಗೆ ಕಳಿಸಿದರು ಎಂಬುದನ್ನು ನೋಡಿ ಅದು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಸತ್ಯ ಯಾವುದು, ಸುಳ್ಳು ಯಾವುದು ಎಂಬುದು ತಿಳಿಯದು. ಸಿಟ್ಟು ಮತ್ತು ಭಯ ಹುಟ್ಟಿಸುವ ಸುದ್ದಿಗೆ ಉತ್ತರಗಳು ಬೇಗ ಬರುವುದರಿಂದ ಅಂಥವು ಬೇಗ ಓಡುತ್ತವೆ. ಒಳ್ಳೆಯ ಹಾಲಿನ ಸುದ್ದಿ ನಡೆಯುತ್ತದೆ, ಕೆಟ್ಟ ಹಾಲಿನ ಸುದ್ದಿ ಓಡುತ್ತದೆ.

2023ರ ಎರಡು ವಾರ

ನಮ್ಮ ರಾಜ್ಯದ ಹಾಲಿನ ವಿಷಯದಲ್ಲಿ ಜಾಲತಾಣದ ಬಲ ಎಲ್ಲರಿಗೂ ಅರ್ಥವಾದದ್ದು 2023ರಲ್ಲಿ. ಆ ಮಾರ್ಚ್ ತಿಂಗಳಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಮುದ್ರಿಸಿ, 'ಮೊಸರು' ಎಂಬುದನ್ನು ಆವರಣದಲ್ಲಿ ಹಾಕುವಂತೆ ಕೆ.ಎಂ.ಎಫ್.ಗೆ ಸೂಚಿಸಿದ ಸಂಗತಿ ಹೊರಬಿತ್ತು. ಕರ್ನಾಟಕ, ತಮಿಳುನಾಡು ಎರಡೂ ಕಡೆ ಜನ ಮೊಬೈಲಿನಲ್ಲಿ ಪ್ರತಿಭಟಿಸಿದರು. ಮಾರ್ಚ್ 30ರಂದು ಪ್ರಾಧಿಕಾರ ತನ್ನ ಸೂಚನೆಯನ್ನು ಬದಲಿಸಿ, ಆಯಾ ಪ್ರದೇಶದ ಹೆಸರನ್ನು ಬಳಸಬಹುದೆಂದು ತಿಳಿಸಿತು. ಇಲ್ಲಿ ಜನರ ಬೇಡಿಕೆ ಒಂದೇ ಪದದ್ದು, ಸ್ಪಷ್ಟವಾದದ್ದು. ಅದನ್ನು ಸರಿಪಡಿಸುವ ಅಧಿಕಾರ ಇದ್ದವರೂ ಒಬ್ಬರೇ. ಆದ್ದರಿಂದ ಕೆಲಸ ಬೇಗ ಆಯಿತು.

ಅದಾದ ವಾರದೊಳಗೆ, ಏಪ್ರಿಲ್ 5ರಂದು, ಬೆಂಗಳೂರಿಗೆ ತನ್ನ ತಾಜಾ ಹಾಲು ಮತ್ತು ಮೊಸರು ಬರಲಿದೆ ಎಂದು ಅಮುಲ್ ಸಂಸ್ಥೆ ಟ್ವಿಟರಿನಲ್ಲಿ ಪ್ರಕಟಿಸಿತು. ಮುಂದಿನದು ನಿಮಗೆಲ್ಲ ನೆನಪಿದೆ. 'ಸೇವ್ ನಂದಿನಿ', 'ಗೋ ಬ್ಯಾಕ್ ಅಮುಲ್' ಎಂಬ ಬರಹಗಳು ಸಾವಿರಗಟ್ಟಲೆ ಹರಿದಾಡಿದವು. ನಂದಿನಿ ಪೊಟ್ಟಣ ಹಿಡಿದುಕೊಂಡು ಫೋಟೋ ಹಾಕಿದವರಲ್ಲಿ ಹಸುವಿನ ಬಾಲ ಮುಟ್ಟದವರೇ ಹೆಚ್ಚು. ಬೆಂಗಳೂರಿನ ಹೋಟೆಲು ಮಾಲೀಕರ ಸಂಘವು ತಾವು ನಂದಿನಿ ಹಾಲನ್ನೇ ಬಳಸುವುದಾಗಿ ಹೇಳಿತು. ಅದು ವಿಧಾನಸಭಾ ಚುನಾವಣೆಯ ಕಾಲವಾಗಿತ್ತು, ರಾಜಕೀಯವೂ ಸೇರಿಕೊಂಡಿತು. ಆ ಭಾಗ ಈ ಪುಟಕ್ಕೆ ಬೇಡ.

ಒಂದು ಮಾತು ಮಾತ್ರ ಹೇಳಬೇಕು. ಆಗ ಕೆಲವರು ಗುಜರಾತಿನ ಹಾಲಿನವರನ್ನು ಬಾಯಿಗೆ ಬಂದಂತೆ ಬೈದು ಬರೆದರು. ಅಮುಲ್ ಕೂಡ ರೈತರ ಸಹಕಾರ ಸಂಘಗಳದ್ದೇ. ಅಲ್ಲಿಯೂ ಎರಡು ಎಮ್ಮೆ ಕಟ್ಟಿಕೊಂಡ ಹೆಣ್ಣುಮಗಳು ಬೆಳಿಗ್ಗೆ ಕ್ಯಾನು ಹಿಡಿದು ಸರದಿಯಲ್ಲಿ ನಿಲ್ಲುತ್ತಾಳೆ. ಮಾರುಕಟ್ಟೆಯಲ್ಲಿ ಪೈಪೋಟಿ ಇರಲಿ, ಆಕೆಯನ್ನು ಬೈದು ನಮಗೇನೂ ಆಗಬೇಕಾಗಿಲ್ಲ. ಅವರಿಂದ ಕಲಿಯಬೇಕಾದದ್ದೂ ಇದೆ. ಬೆಣ್ಣೆಯ ಜಾಹೀರಾತಿನ ಆ ಪುಟ್ಟ ಹುಡುಗಿಯ ಚಿತ್ರವನ್ನು ಅವರು 1966ರಿಂದ ಬಿಡದೆ ನಡೆಸಿಕೊಂಡು ಬಂದಿದ್ದಾರೆ. ಅಂದಂದಿನ ಸುದ್ದಿಯ ಮೇಲೆ ಒಂದು ತಮಾಷೆಯ ಸಾಲು, ಅಷ್ಟೇ. ರಸ್ತೆ ಬದಿಯ ಬೋರ್ಡಿನಲ್ಲಿದ್ದದ್ದು ಈಗ ಮೊಬೈಲಿಗೆ ಬಂದಿದೆ.

ಈಗ ಲೆಕ್ಕದ ವಿಷಯ. 2023ರ ಆ ಏಪ್ರಿಲ್‌ನಲ್ಲಿ ನಂದಿನಿಯ ಟೋನ್ಡ್ ಹಾಲಿನ ಬೆಲೆ ಲೀಟರಿಗೆ 39 ರೂ. ಪಟ್ಟಣದ ಗ್ರಾಹಕರು ತೋರಿಸಿದ ಪ್ರೀತಿಯಲ್ಲಿ ಅಭಿಮಾನ ಎಷ್ಟು, ಅಗ್ಗದ ಬೆಲೆಯ ಪಾಲು ಎಷ್ಟು? ಇದನ್ನು ಕೇಳಿದರೆ ಕೆಲವರಿಗೆ ಬೇಸರವಾದೀತು, ಆದರೂ ಕೇಳಿಕೊಳ್ಳಬೇಕು. ಏಕೆಂದರೆ ಅದೇ ಬೆಲೆಯಲ್ಲಿ ನಿಮ್ಮ ಹಿಂಡಿ, ಬೂಸಾ, ಔಷಧಿ, ಕೂಲಿ ಎಲ್ಲವೂ ಹೊರಡಬೇಕು. ಬೆಲೆ ಏರಿಸಬೇಕಾದ ದಿನ ಅದೇ ಗ್ರಾಹಕರು ಮೊಬೈಲಿನಲ್ಲಿ ಏನು ಬರೆಯುತ್ತಾರೆ ಎಂಬುದು ನಿಮ್ಮ ಮನೆಯ ವಿಷಯ.

ಐವತ್ತು ಮಿಲಿ ಲೀಟರಿನ ಪಾಠ

ಅದನ್ನು ನೋಡಲು ಹೆಚ್ಚು ದಿನ ಕಾಯಬೇಕಾಗಲಿಲ್ಲ. 2024ರ ಜೂನ್ ಕೊನೆಯಲ್ಲಿ ರಾಜ್ಯದ ಹಾಲಿನ ಸಂಗ್ರಹಣೆ ಮೊದಲ ಬಾರಿಗೆ ದಿನಕ್ಕೆ 1 ಕೋಟಿ ಲೀಟರ್ ಮುಟ್ಟಿತು. ಬಂದ ಹಾಲನ್ನು ಮಾರಬೇಕಲ್ಲ, ಆದ್ದರಿಂದ ಜೂನ್ 26ರಿಂದ ಪ್ರತಿ ಪೊಟ್ಟಣದಲ್ಲಿ 50 ಮಿ.ಲೀ. ಹೆಚ್ಚು ಹಾಲು ಹಾಕಿ 2 ರೂ. ಹೆಚ್ಚು ಪಡೆಯಲು ತೀರ್ಮಾನವಾಯಿತು. ಲೀಟರಿಗೆ 42 ರೂ. ಇದ್ದ ಟೋನ್ಡ್ ಹಾಲು 1,050 ಮಿ.ಲೀ.ಗೆ 44 ರೂ. ಆಯಿತು. ನೀವೇ ಗುಣಿಸಿ ನೋಡಿ: 42 ರೂ. ದರದಲ್ಲಿ 50 ಮಿ.ಲೀ.ಗೆ 2 ರೂ. 10 ಪೈಸೆ ಆಗಬೇಕು, ತೆಗೆದುಕೊಂಡದ್ದು 2 ರೂ. ಅಂದರೆ ದರ ಏರಿರಲಿಲ್ಲ, ಹತ್ತು ಪೈಸೆ ಇಳಿದಿತ್ತು.

ಆದರೆ ಮೊಬೈಲಿನಲ್ಲಿ ಓಡಿದ್ದು ಏನು? 'ನಂದಿನಿ ಹಾಲಿನ ದರ 2 ರೂ. ಏರಿಕೆ' ಎಂಬ ಒಂದೇ ಸಾಲು. 50 ಮಿ.ಲೀ. ಮಾತು ಹಿಂದೆ ಉಳಿಯಿತು. ಇದು ದರ ಏರಿಕೆಯಲ್ಲ ಎಂದು ಕೆ.ಎಂ.ಎಫ್. ಹೇಳುವ ಹೊತ್ತಿಗೆ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ಜೊತೆಗೆ, ಅರ್ಧ ಲೀಟರು ಸಾಕು ಎನ್ನುವ ಮನೆಗೆ ಕೇಳದೆ 50 ಮಿ.ಲೀ. ಕೊಟ್ಟು ದುಡ್ಡು ಪಡೆದದ್ದು ಇಷ್ಟವಾಗಲಿಲ್ಲ ಎಂಬುದನ್ನೂ ನಾವು ಒಪ್ಪಬೇಕು. ಗ್ರಾಹಕರು ಅದನ್ನೇ ಬರೆದರು, ಅದು ಸುಳ್ಳಲ್ಲ. ಆ ವ್ಯವಸ್ಥೆ ಈಗ ಇಲ್ಲ. 2025ರ ಏಪ್ರಿಲ್ 1ರಿಂದ ಹೆಚ್ಚುವರಿ ಹಾಲನ್ನು ಹಿಂದಕ್ಕೆ ಪಡೆದು ಲೀಟರಿಗೆ 4 ರೂ. ಏರಿಸಲಾಯಿತು, ಆ 4 ರೂ. ಉತ್ಪಾದಕರಿಗೆ ಎಂದು ಸರ್ಕಾರ ಹೇಳಿತು. ಆಗಲೂ ಮೊಬೈಲಿನಲ್ಲಿ ಸಿಟ್ಟು ಕಂಡಿತು. ಆದರೆ ಕೆಲವು ಕಡೆ ಒಂದು ಹೊಸ ಮಾತನ್ನೂ ಓದಿದೆ: "ರೈತರಿಗೆ ಹೋಗುವುದಾದರೆ ಹೋಗಲಿ ಬಿಡಿ." ಹಾಗೆ ಬರೆದವರು ಕೊಟ್ಟಿಗೆಯೊಳಗಿನ ಕೆಲಸವನ್ನು ಎಲ್ಲೋ ಕಂಡವರೇ ಇರಬೇಕು.

ಕ್ರಿಕೆಟ್ ವಿಷಯ ಅನೇಕ ವಾರ್ಷಿಕ ಸಭೆಗಳಲ್ಲಿ ಬಂದಿದೆ, ಆದ್ದರಿಂದ ಎರಡು ಸಾಲು. 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಂದಿನಿ ಪ್ರಾಯೋಜಕತ್ವ ನೀಡಿತು. ಆಟಗಾರರ ಅಂಗಿಯ ಮೇಲೆ ನಮ್ಮ ಹೆಸರು ಕಂಡು ಜನ ಹೆಮ್ಮೆಯಿಂದ ಚಿತ್ರ ಹಂಚಿಕೊಂಡರು. ಅದರಿಂದ ಹೆಸರು ತಿಳಿಯುತ್ತದೆ. ಹಾಲು ಎಂಥದ್ದು ಎಂಬುದು ಅಂಗಿಯಿಂದ ತಿಳಿಯುವುದಿಲ್ಲ.

ಗಂಟು ರೋಗ ಬಂದಾಗ

2022ರಲ್ಲಿ ಚರ್ಮಗಂಟು ರೋಗ ದೇಶದ ಅನೇಕ ರಾಜ್ಯಗಳಲ್ಲಿ ಹಬ್ಬಿ ನಮ್ಮ ರಾಜ್ಯಕ್ಕೂ ಬಂತು. ರೋಗಕ್ಕಿಂತ ಮೊದಲು ವಾಟ್ಸಾಪ್ ಬಂತು. ಮೈತುಂಬ ಗಂಟಿರುವ ಹಸುವಿನ ಚಿತ್ರ, ಕೆಳಗೆ "ಈ ಹಾಲು ಕುಡಿದರೆ ನಿಮಗೂ ಇದೇ ಗತಿ" ಎಂಬ ಧಾಟಿಯ ಬರಹ. ಬೆಂಗಳೂರಿನಲ್ಲಿರುವ ನನ್ನ ಸ್ವಂತ ಅತ್ತಿಗೆಯೇ ಫೋನು ಮಾಡಿ, ಮಗುವಿಗೆ ಹಾಲು ಕೊಡಬಹುದಾ ಎಂದು ಕೇಳಿದರು. ಮನೆಯಲ್ಲಿ ಪಶುವೈದ್ಯನಿರುವವರಿಗೇ ಈ ಭಯವಾದರೆ ಉಳಿದವರ ಪಾಡೇನು?

ಇದರ ನಿಜ ಸಂಗತಿಯನ್ನು ಪ್ರತಿ ಸದಸ್ಯರೂ ಬಾಯಿಪಾಠ ಮಾಡಿಕೊಂಡಿರಬೇಕು. ಚರ್ಮಗಂಟು ರೋಗ ಸಿಡುಬಿನ ಗುಂಪಿಗೆ ಸೇರಿದ ವೈರಾಣುವಿನಿಂದ ಬರುತ್ತದೆ. ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳು ಅದನ್ನು ಹರಡುತ್ತವೆ. ದನ, ಎಮ್ಮೆಗಳಿಗೆ ಬರುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಹಾಲಿನಿಂದಲೂ ಬರುವುದಿಲ್ಲ. ಡೈರಿಯಲ್ಲಿ ಹಾಲನ್ನು 72 ಡಿಗ್ರಿ ಉಷ್ಣದಲ್ಲಿ 15 ಸೆಕೆಂಡು ಕಾಯಿಸಿ ತಂಪು ಮಾಡುತ್ತಾರೆ, ಅದನ್ನು ಪಾಶ್ಚರೀಕರಣ ಎನ್ನುತ್ತಾರೆ. ಮನೆಯಲ್ಲಿ ಮತ್ತೆ ಕುದಿಸುತ್ತೇವೆ. ಆಗ ನಾವು ಹಸುಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಬಹುದು. ಆದರೆ ಹೇಳುವವರು ಆ ದಿನವೇ ಹೇಳಬೇಕು.

ವಾಟ್ಸಾಪಿನ ಒಂದು ಗುರುತು ತಿಳಿದುಕೊಳ್ಳಿ. ಬಂದ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಅನೇಕ ಕೈ ದಾಟಿ ಬಂದದ್ದು, ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿಲ್ಲ ಎಂದು ಅರ್ಥ. ಇಂಥ ಸಂದೇಶಗಳನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಲು ಸಾಧ್ಯವಾಗುವಂತೆ 2020ರ ಏಪ್ರಿಲ್‌ನಲ್ಲಿ ಆ ಕಂಪನಿಯೇ ನಿರ್ಬಂಧ ಹಾಕಿತು. ಎರಡು ಬಾಣ ಕಂಡರೆ ಮುಂದಕ್ಕೆ ಒತ್ತಬೇಡಿ. ನಿಮ್ಮ ಸಂಘದ ಕಾರ್ಯದರ್ಶಿಗೋ ನಮಗೋ ತೋರಿಸಿ. ಕಲಬೆರಕೆ ತುಪ್ಪದ ದಾಳಿಯ ಹಳೆಯ ವಿಡಿಯೊಗಳಂತೂ ವರ್ಷಗಳ ನಂತರ 'ಇಂದಿನ ಸುದ್ದಿ' ಎಂದು ಮತ್ತೆ ಬರುತ್ತವೆ. ಮೈಸೂರಿನ ಹತ್ತಿರ ನಂದಿನಿ ಹೆಸರಿನ ನಕಲಿ ತುಪ್ಪ ಸಿಕ್ಕಿಬಿದ್ದದ್ದು 2021ರ ಡಿಸೆಂಬರಿನಲ್ಲಿ. ಯಾವ ವಿಡಿಯೊ ಬಂದರೂ ಎಂದಿನದು, ಎಲ್ಲಿಯದು ಎಂದು ಮೊದಲು ಕೇಳಿ.

ನಾನು ಮಾಡಿದ ತಪ್ಪು

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಕೆಚ್ಚಲು ಬಾವು ಪತ್ತೆ ಹಚ್ಚುವ ವಿಧಾನದ ವಿಡಿಯೊ ಮಾಡಿದೆ. ಮೊದಲ ಧಾರೆಗಳನ್ನು ಕಪ್ಪು ಬಟ್ಟಲಿಗೆ ಕರೆದು, ಒಡೆದ ಹಾಲಿನ ಚೂರುಗಳನ್ನು ಹತ್ತಿರದಿಂದ ತೋರಿಸಿ, ಇಂಥ ಹಾಲನ್ನು ಡೈರಿಗೆ ತರಬಾರದು, ಗುಂಡಿಗೆ ಚೆಲ್ಲಬೇಕು ಎಂದು ವಿವರಿಸಿದ್ದೆ. ನಾಲ್ಕು ನಿಮಿಷದ ವಿಡಿಯೊ. ಸದಸ್ಯರಿಗೆ ಉಪಯೋಗವಾಗಲಿ ಎಂದು ಯೂಟ್ಯೂಬಿಗೆ ಹಾಕಿದೆ.

ಹದಿನೈದು ದಿನದಲ್ಲಿ ಅದರಲ್ಲಿನ ಹತ್ತು ಹದಿನೈದು ಸೆಕೆಂಡನ್ನು ಯಾರೋ ಕತ್ತರಿಸಿ ತೆಗೆದರು. ಕೀವು ಮಿಶ್ರಿತ ಧಾರೆ ಬೀಳುವುದು ಮಾತ್ರ. ಮೇಲೆ "ನೀವು ಕುಡಿಯುವ ಹಾಲು ನೋಡಿ" ಎಂಬ ಬರಹ. ನನ್ನ ಧ್ವನಿ ಇಲ್ಲ, ಚೆಲ್ಲಬೇಕು ಎಂಬ ಮಾತು ಇಲ್ಲ. ಹಸು ಹಿಡಿದುಕೊಂಡಿದ್ದ ಸದಸ್ಯೆಯ ಕೈಬಳೆ, ಸೀರೆಯ ಅಂಚು ಕಾಣುತ್ತಿತ್ತು, ಊರಿನವರು ಗುರುತು ಹಿಡಿದರು. ಆಕೆ ಹತ್ತು ವರ್ಷ ಒಂದು ದಿನವೂ ಹಾಲು ವಾಪಸಾಗದಂತೆ ಹಾಕಿದವರು. "ಏನ್ ಸಾರ್, ನನ್ನ ಮಾನ ಕಳೆದುಬಿಟ್ರಲ್ಲ" ಎಂದು ಕಣ್ಣೀರು ಹಾಕಿದರು. ನಾನು ಮೂಲ ವಿಡಿಯೊ ತೆಗೆದುಹಾಕಿದೆ. ತುಂಡು ಮಾತ್ರ ಓಡುತ್ತಲೇ ಇತ್ತು.

ಆಮೇಲೆ ಆಕೆಯೇ ಒಪ್ಪಿದ್ದರಿಂದ ಇನ್ನೊಂದು ವಿಡಿಯೊ ಮಾಡಿದೆವು. ಈ ಸಲ ಮೊದಲ ಮಾತೇ ಆಕೆಯದು: "ನನ್ನ ಹಸುವಿಗೆ ಹುಷಾರಿಲ್ಲದಾಗ ಅದರ ಹಾಲು ಡೈರಿಗೆ ಹಾಕಲ್ಲ, ನೋಡಿ ಚೆಲ್ತಾ ಇದೀನಿ." ಚೆಲ್ಲುವುದೇ ಮೊದಲು, ಕಾರಣ ಆಮೇಲೆ. ಔಷಧಿ ಸೀಸೆಯ ಮೇಲೆ ಬರೆದಷ್ಟು ದಿನ, ಕೊನೆಯ ಇಂಜೆಕ್ಷನ್ ಆದ ಮೇಲೂ, ಹಾಲನ್ನು ಬೇರೆ ಇಡುವುದನ್ನು ಆಕೆ ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ತೋರಿಸಿದರು. ಅದರ ಕೆಳಗೆ ಬೆಂಗಳೂರಿನ ಒಬ್ಬರು "ಚೆಲ್ಲಿದ ಹಾಲಿನ ನಷ್ಟ ಯಾರು ಕೊಡುತ್ತಾರೆ?" ಎಂದು ಕೇಳಿದ್ದರು. ಯಾರೂ ಕೊಡುವುದಿಲ್ಲ, ಆಕೆಯೇ ಹೊರುತ್ತಾರೆ ಎಂದು ಬರೆದೆ. ಅದಕ್ಕೆ ಬಂದ ಉತ್ತರಗಳನ್ನು ಆಕೆಯ ಮಗ ಓದಿ ಹೇಳಿದನಂತೆ.

ಏನನ್ನು ತೋರಿಸಬೇಕು

ಇದಕ್ಕೆ ದುಡ್ಡು ಬೇಡ, ಕ್ಯಾಮೆರಾದವನು ಬೇಡ. ಬೆಳಕು ಬಂದ ಮೇಲೆ ಮೊಬೈಲನ್ನು ಒಂದು ಕಡೆ ಅಲುಗಾಡದಂತೆ ಇಟ್ಟು ಒಂದು ನಿಮಿಷ ಚಿತ್ರ ತೆಗೆದರೆ ಸಾಕು. ಹಿಂದಿ ಸಿನಿಮಾ ಹಾಡು ಹಾಕಬೇಡಿ. ಹಾಲಿನ ಧಾರೆಯ ಸದ್ದು, ಕರುವಿನ ಕೂಗು ಇದ್ದರೆ ಜನ ನಿಂತು ಕೇಳುತ್ತಾರೆ.

ನಿಮಗೆ ತೀರ ಮಾಮೂಲಿಯೆನಿಸುವುದೇ ಪಟ್ಟಣದವರಿಗೆ ಹೊಸದು. ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸುವುದು. ಸ್ಟೀಲ್ ಕ್ಯಾನನ್ನು ಬಿಸಿನೀರಲ್ಲಿ ತೊಳೆದು ಬೋರಲು ಹಾಕುವುದು. ಸಂಘದಲ್ಲಿ ಜಿಡ್ಡು, ಎಸ್.ಎನ್.ಎಫ್. ನೋಡಿ ಚೀಟಿ ಕೊಡುವುದು. ಕರೆದ ಹಾಲು ಶೀತಲೀಕರಣ ಕೇಂದ್ರ ಸೇರುವ ಹೊತ್ತು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ನೀರಲ್ಲಿ ಸೀಮೆಹುಲ್ಲು ಬೆಳೆಯುವುದು. ಹಿಂಡಿ ಮೂಟೆಯ ರಸೀದಿಯನ್ನೂ ತೋರಿಸಿ, ಸಂಕೋಚ ಬೇಡ. ಒಂದು ಮೂಟೆ ಎಷ್ಟು, ಅದು ಎರಡು ಹಸುವಿಗೆ ಎಷ್ಟು ದಿನ ಬರುತ್ತದೆ ಎಂದು ಲೆಕ್ಕ ಹೇಳಿ. ದರ ಏರಿದ ದಿನ ಕೊಡುವ ವಿವರಣೆಗಿಂತ ಏರುವ ಆರು ತಿಂಗಳ ಮೊದಲು ತೋರಿಸಿದ ರಸೀದಿ ಹೆಚ್ಚು ಕೆಲಸ ಮಾಡುತ್ತದೆ.

ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರಿಸಿ. ಹೆಚ್ಚು ಸಲ ಬರುವ ಪ್ರಶ್ನೆ, "ಹಾಲು ಬರಲು ಇಂಜೆಕ್ಷನ್ ಹಾಕುತ್ತೀರಂತೆ, ನಿಜವೇ?" ಎಂಬುದು. ಸಿಟ್ಟಾಗಬೇಡಿ. ನೀವು ಹಾಕದಿದ್ದರೆ ಹಾಕುವುದಿಲ್ಲ ಎನ್ನಿ, ಕರು ಬಿಟ್ಟು ಸೊರೆ ಇಳಿಸುವುದನ್ನು ತೋರಿಸಿ. ಹಾಕುವವರಿದ್ದರೆ ವಿಡಿಯೊ ಮಾಡುವ ಮೊದಲು ಅದನ್ನು ನಿಲ್ಲಿಸಿ, ನನ್ನ ಬಳಿ ಬನ್ನಿ. ಕೊಟ್ಟಿಗೆಯಲ್ಲಿ ಇಲ್ಲದ್ದನ್ನು ಮೊಬೈಲಿನಲ್ಲಿ ತೋರಿಸಿದರೆ ಅದು ಒಂದಲ್ಲ ಒಂದು ದಿನ ನೆರೆಮನೆಯವರ ಮೊಬೈಲಿನಲ್ಲೇ ಬಯಲಾಗುತ್ತದೆ.

ಕೆಲವು ಎಚ್ಚರಿಕೆಗಳು. ಹೆಂಗಸರ, ಮಕ್ಕಳ ಮುಖ ಅವರನ್ನು ಕೇಳದೆ ಹಾಕಬಾರದು. ನಂದಿನಿ ಎಂಬ ಹೆಸರು ಮತ್ತು ಗುರುತು ಮಹಾಮಂಡಳದ್ದು. ಮನೆಯಲ್ಲಿ ಕಾಯಿಸಿದ ತುಪ್ಪವನ್ನು ಆ ಹೆಸರಿನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಮಾರಿದರೆ ಅದು ಅಪರಾಧ, ಗೊತ್ತಿಲ್ಲದೆ ಮಾಡಿದೆ ಎಂದರೂ ಬಿಡುವುದಿಲ್ಲ. ನಂದಿನಿ ಮಳಿಗೆ ಕೊಡಿಸುತ್ತೇವೆ, ಸಬ್ಸಿಡಿ ಹಸು ಕೊಡಿಸುತ್ತೇವೆ, ಮುಂಗಡ ಕಳಿಸಿ ಎಂದು ಜಾಲತಾಣದಲ್ಲಿ ಬರುವ ಜಾಹೀರಾತಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮೊದಲು ಶಿಬಿರ ಕಚೇರಿಗೆ ಬಂದು ಕೇಳಿ. ನಿಮ್ಮ ಪಿನ್ ನಂಬರನ್ನು ಯಾರಿಗೂ ಹೇಳಬೇಡಿ.

ಸಂಘದ ಮೇಲೆ ದೂರಿದ್ದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಜಿಡ್ಡು ಕಡಿಮೆ ತೋರಿಸಿದರು, ತೂಕದಲ್ಲಿ ವ್ಯತ್ಯಾಸ ಬಂತು, ಇಂಥ ದೂರುಗಳು ಇದ್ದೇ ಇರುತ್ತವೆ. ಮುಚ್ಚಿಡಿ ಎಂದು ನಾನು ಹೇಳುವುದಿಲ್ಲ. ಆ ದಿನದ ಚೀಟಿ ಇಟ್ಟುಕೊಂಡು ಮರುಪರೀಕ್ಷೆ ಕೇಳಿ, ಕಾರ್ಯದರ್ಶಿಗೆ ಬರೆದುಕೊಡಿ, ಆಗದಿದ್ದರೆ ವಿಸ್ತರಣಾಧಿಕಾರಿಗೆ. ಅದು ನಿಮ್ಮ ಹಕ್ಕು. ಇದಾವುದನ್ನೂ ಮಾಡದೆ ಸಿಟ್ಟಿನಲ್ಲಿ "ಈ ಡೈರಿ ಹಾಲೆಲ್ಲ ನೀರು" ಎಂದು ವಿಡಿಯೊ ಬಿಟ್ಟರೆ, ನೋಡಿದ ಗ್ರಾಹಕನು ಯಾವ ಹಳ್ಳಿ, ಯಾವ ಸಂಘ ಎಂದು ಕೇಳಲು ಹೋಗುವುದಿಲ್ಲ. ಪೊಟ್ಟಣ ಬದಲಿಸುತ್ತಾನೆ, ಅದರಲ್ಲಿ ನಿಮ್ಮ ಹಾಲೂ ಇರುತ್ತದೆ.

ಮುಂದಿನ ತರಬೇತಿಯಲ್ಲಿ ಅರ್ಧ ದಿನವನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ. ಬರುವವರು ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಜೊತೆಗೆ ಕರೆತನ್ನಿ. ಆ ಪ್ರಶ್ನೆ ಕೇಳಿದ ಹಿರಿಯರು ತಮ್ಮ ಮೊಮ್ಮಗಳನ್ನು ಕಳಿಸುವುದಾಗಿ ಹೇಳಿದ್ದಾರೆ. ತಾವು ಮಾತ್ರ ಬರುವುದಿಲ್ಲವಂತೆ, ಹಸು ಕರುಹಾಕುವ ದಿನ ಹತ್ತಿರವಿದೆಯಂತೆ.